ಬಿಟ್ಟ ಚಟ ಮರಳಿ ಬರುವುದೇಕೆ?

2015ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ತೆಲಂಗಾಣದ ನಿಜಾಮಾಬಾದು, ಮೆದಕ್, ಮಹಬೂಬ್‌ನಗರ ಜಿಲ್ಲೆಗಳ ಆಸ್ಪತ್ರೆಗಳಿಗೆ ವಿಚಿತ್ರವಾದೊಂದು ವ್ಯಾಧಿಯಿಂದ ಪೀಡಿತರಾದ ಜನರು ನೂರಾರು ಸಂಖ್ಯೆಯಲ್ಲಿ ಬಂದು ಸೇರತೊಡಗಿದರು. ಅವರಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಅವರ ಕೈಗಳು ನಡುಗುತ್ತಿದ್ದುವು; ಕಣ್ಣಿಗೆ ನಿದ್ರೆಯಿರಲಿಲ್ಲ; ಕೆಲವರಿಗೆ ಅಪಸ್ಮಾರದಂತಹ ಸೆಳವು ಬರುತ್ತಿತ್ತು; ಮತ್ತೆ ಕೆಲವರು ಎದುರಿಗೆ ಇಲ್ಲದವರೊಡನೆ ಮಾತನಾಡುತ್ತಿದ್ದರು. ಇದೇನು ಹೊಸದೊಂದು ಸಾಂಕ್ರಾಮಿಕ ಜ್ವರವೋ, ವಿಷಪ್ರಾಶನವೋ ಎಂದು ನೋಡಿದವರು ಭ್ರಮಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ನಿಜಸ್ಥಿತಿ ಅದಕ್ಕಿಂತ ವಿಚಿತ್ರವಾಗಿತ್ತು. ಈ ಜನರು ಏನನ್ನೋ ಕುಡಿದುದರಿಂದ ಕಾಯಿಲೆ ಬಿದ್ದವರಲ್ಲ, ಕುಡಿಯದೆ ಹೋದುದರಿಂದ ಕಾಯಿಲೆ ಬಿದ್ದವರು. ಕಲಬೆರಕೆಯ ಸೇಂದಿಯ ಮೇಲೆ ಅಬಕಾರಿ ಇಲಾಖೆಯವರು ಬಿಗಿ ಹಿಡಿದಿದ್ದರು. ಅಂಗಡಿಗೆ ಬರುವ ಸೇಂದಿಯಲ್ಲಿ ಎಂದಿನ ಪುಡಿ ಇಲ್ಲವಾಗಿತ್ತು. ಅಷ್ಟೇ.

ಹೈದರಾಬಾದಿನಲ್ಲಿ ಬೆಳೆದ ಕನ್ನಡ ಮಕ್ಕಳಿಗೆ ಸೇಂದಿ ಎಂದರೇನೆಂದು ವಿವರಿಸಿ ಹೇಳಬೇಕಾಗಿಲ್ಲ. ಈಚಲ ಮರದ ರಸ ಸೇಂದಿ. ತಾಳೆಯ ಮರದ ರಸ ತಾಡಿ. ಎರಡಕ್ಕೂ ನಮ್ಮ ಊರುಗಳಲ್ಲಿ ಕಳ್ಳು ಎಂಬುದೊಂದೇ ಹೆಸರು. ಬೆಳಗಿನ ಜಾವದಲ್ಲಿ ಮಡಕೆಯಿಂದ ಇಳಿಸಿದ ರಸವು ಕೇವಲ ಸಿಹಿನೀರು. ಅದಕ್ಕೆ ನೀರಾ ಎನ್ನುವರು. ಹೊತ್ತು ಏರಿದಂತೆಲ್ಲ ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಹುದುಗುಜೀವಿಗಳು ಅದರ ಸಕ್ಕರೆಯನ್ನು ತಿಂದು ಮದ್ಯಸಾರವನ್ನಾಗಿ ಮಾರ್ಪಡಿಸುತ್ತವೆ. ಹಾಗೆ ಹುಳಿತ ರಸದಲ್ಲಿ ನೂರಕ್ಕೆ ನಾಲ್ಕೈದು ಪಾಲಿನಷ್ಟು ಮದ್ಯಸಾರವಿರಬಹುದು. ಸಂಗತಿ ಇಷ್ಟೇ ಆಗಿದ್ದರೆ ಈ ಲೇಖನ ಬಹುಬೇಗ ಮುಗಿದುಹೋಗುತ್ತಿತ್ತು. ಆದರೆ ಕುಡಿಯುವವರ ಬಾಯಿಗೆ ಸಾಲುವಷ್ಟು ಮರಗಳು ಎಲ್ಲಿವೆ? ಮರವಿಲ್ಲದೆಡೆಯಲ್ಲಿ ನೀರಿಗೆ ಸ್ಯಾಕರಿನ್ ಬೆರೆಸಿ ಸಿಹಿ ಮಾಡಿ, ಮತ್ತು ಬರುವುದಕ್ಕಾಗಿ ಕ್ಲೋರಲ್ ಹೈಡ್ರೇಟ್, ಡಯಜೆಪಾಂ, ಆಲ್ಪ್ರಜೋಲಂ ಮೊದಲಾದ ನಿದ್ರಾಕಾರಕ ಔಷಧಿಗಳನ್ನು ಕಲಸಿ ಮಾರುವ ದಂಧೆ ಬೆಳೆಯಿತು. ರಾಯಚೂರಿನ ಕಡೆಯಿಂದ ಬಂದ ಮನೆತನಗಳಲ್ಲಿ ‘ಸಿ.ಎಚ್. ಪುಡಿ’ ಎಂಬ ಹೆಸರನ್ನು ಕೇಳದವರು ವಿರಳ; ಆ ಎರಡಕ್ಷರಗಳು ಕ್ಲೋರಲ್ ಹೈಡ್ರೇಟಿನ ಸಂಕ್ಷೇಪವಲ್ಲದೆ ಬೇರೆಯಲ್ಲ. ಹೈದರಾಬಾದು ನಗರದಲ್ಲಿ 2004ರಲ್ಲಿ ಮುಚ್ಚಿದ ಸೇಂದಿ ಅಂಗಡಿಗಳು 2014ರಲ್ಲಿ ಮತ್ತೆ ತೆರೆದುವು. 2025ರ ಜುಲೈ ತಿಂಗಳಿನಲ್ಲಿ ಕೂಕಟ್‌ಪಲ್ಲಿಯ ಕಡೆ ಸೇಂದಿ ಕುಡಿದ ಹಲವರು ಅಸ್ವಸ್ಥರಾಗಿ ಕೆಲವರು ಪ್ರಾಣವನ್ನೇ ಕಳೆದುಕೊಂಡಾಗ, ಪರೀಕ್ಷೆಯಲ್ಲಿ ಕಂಡುಬಂದುದು ಅದೇ ಆಲ್ಪ್ರಜೋಲಂ.

ಮದ್ಯವನ್ನೂ ಈ ಪುಡಿಗಳನ್ನೂ ಒಂದರ ಪಕ್ಕದಲ್ಲೊಂದನ್ನು ಇಟ್ಟು ರಸಾಯನ ಶಾಸ್ತ್ರದ ಕಣ್ಣಿನಿಂದ ನೋಡಿದರೆ ಅವು ಒಂದೇ ಕುಲದವಲ್ಲ. ಕ್ಲೋರಲ್ ಹೈಡ್ರೇಟನ್ನು ಜರ್ಮನಿಯ ಲೀಬಿಗ್ ಮಹಾಶಯನು 1832ರಲ್ಲಿ ತಯಾರಿಸಿದನು. 1869ರಲ್ಲಿ ಲೀಬ್‌ರೈಕ್ ಎಂಬಾತನು ಅದರಿಂದ ನಿದ್ರೆ ಬರುವುದೆಂದು ತೋರಿಸಿಕೊಟ್ಟನು. ಡಯಜೆಪಾಂ ಮಾರುಕಟ್ಟೆಗೆ ಬಂದುದು 1963ರಲ್ಲಿ. ಮದ್ಯವಾದರೋ ಇತಿಹಾಸಕ್ಕಿಂತ ಹಳೆಯದು. ಹೀಗೆ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ರೂಪದಲ್ಲಿ ಹುಟ್ಟಿದ ಈ ವಸ್ತುಗಳೆಲ್ಲ ಮಿದುಳಿನಲ್ಲಿ ಒಂದೇ ಬಾಗಿಲನ್ನು ತಟ್ಟುತ್ತವೆ ಎಂಬುದೇ ಇಲ್ಲಿಯ ಸ್ವಾರಸ್ಯ. ಆ ಬಾಗಿಲು ಯಾವುದು ಎಂಬುದನ್ನು ತಿಳಿಯಬೇಕಾದರೆ, ಮಿದುಳಿನ ಒಳಗೆ ಸುದ್ದಿ ಹೇಗೆ ಸಾಗುತ್ತದೆಂಬುದನ್ನು ಮೊದಲು ನೋಡಬೇಕು.

ಮಾನವನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶದ ಒಳಗೆ ಸುದ್ದಿಯು ವಿದ್ಯುತ್ತಿನ ರೂಪದಲ್ಲಿ ಓಡುತ್ತದೆ. ಆದರೆ ಒಂದು ನರಕೋಶದ ತುದಿಗೂ ಮುಂದಿನದರ ಮೈಗೂ ನಡುವೆ ಬಹು ಸಣ್ಣದೊಂದು ಕಂದಕವಿದೆ. ಅದರ ಅಗಲ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲು ಎಂದು ಅಂದಾಜು. ಅದನ್ನು ನರಸಂಧಿಯೆಂದು ಕರೆಯೋಣ. ವಿದ್ಯುತ್ತು ಸಾಮಾನ್ಯವಾಗಿ ಈ ಕಂದಕವನ್ನು ಹಾರಲಾರದು. ಹಾಗಾದರೆ ಸುದ್ದಿ ಆಚೆ ದಡವನ್ನು ಮುಟ್ಟುವ ಬಗೆ ಹೇಗೆ?

ಈ ಪ್ರಶ್ನೆಗೆ ಉತ್ತರ ದೊರೆತ ರೀತಿಯೇ ಒಂದು ಕಥೆಯಂತಿದೆ. ಆಸ್ಟ್ರಿಯಾ ದೇಶದ ಗ್ರಾಟ್ಸ್ ನಗರದಲ್ಲಿ ಆಟೋ ಲೋಯಿ ಎಂಬ ಪ್ರಾಧ್ಯಾಪಕರಿದ್ದರು. ಒಂದು ರಾತ್ರಿ ಕನಸಿನಲ್ಲಿ ಅವರಿಗೆ ಒಂದು ಪ್ರಯೋಗ ಹೊಳೆಯಿತು. ನಿದ್ದೆಗಣ್ಣಿನಲ್ಲಿಯೇ ಚೀಟಿಯ ಮೇಲೆ ಗೀಚಿಟ್ಟು ಮಲಗಿದರು. ಬೆಳಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲಾಗದು! ಮರುರಾತ್ರಿ ಅದೇ ಕನಸು ಬಿದ್ದಿತು. ಈ ಸಲ ಅವರು ಚೀಟಿಯನ್ನು ನಂಬದೆ ಎದ್ದು ನೇರವಾಗಿ ಪ್ರಯೋಗಶಾಲೆಗೇ ನಡೆದರು. ಇದು ಅವರೇ ಮುಂದೆ ಹೇಳಿಕೊಂಡ ಕಥೆ. ಒಂದು ಕಪ್ಪೆಯ ಹೃದಯವನ್ನು ಲವಣದ್ರವದಲ್ಲಿ ಇರಿಸಿ ಅದಕ್ಕೆ ಸಂಬಂಧಿಸಿದ ನರವನ್ನು ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಆ ದ್ರವವನ್ನು ತೆಗೆದು ನರವೇ ಇಲ್ಲದ ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದರ ಬಡಿತವೂ ನಿಧಾನವಾಯಿತು! ನರವು ಏನನ್ನೋ ಸುರಿಸಿದೆ, ಸುದ್ದಿಯನ್ನು ಹೊತ್ತದ್ದು ಆ ವಸ್ತುವೇ ಎಂಬುದು ಸಿದ್ಧವಾಯಿತು. ಈ ಪ್ರಯೋಗದ ವರದಿ 1921ರಲ್ಲಿ ಪ್ರಕಟವಾಯಿತು. 1936ರಲ್ಲಿ ಲೋಯಿ ಅವರಿಗೆ ನೊಬೆಲ್ ಬಹುಮಾನ ಸಂದಿತು.

ಹೀಗೆ ನರಸಂಧಿಯನ್ನು ದಾಟಿ ಸುದ್ದಿ ಮುಟ್ಟಿಸುವ ವಸ್ತುಗಳನ್ನು ನಾವು ರಾಸಾಯನಿಕ ದೂತರೆನ್ನಬಹುದು. ಆಚೆ ದಡದಲ್ಲಿ ಅವರನ್ನು ಬರಮಾಡಿಕೊಳ್ಳುವ ಬಾಗಿಲುಗಳಿಗೆ ಗ್ರಾಹಕಗಳೆಂದು ಹೆಸರು. ಎಲ್ಲ ದೂತರೂ ಒಂದೇ ಬಗೆಯ ಸುದ್ದಿಯನ್ನು ಒಯ್ಯುವುದಿಲ್ಲ. ಗ್ಲುಟಮೇಟ್ ಎಂಬ ದೂತನು ಮುಂದಿನ ನರಕೋಶಕ್ಕೆ ‘ಏಳು, ಓಡು’ ಎನ್ನುತ್ತಾನೆ. ಗಾಬಾ ಎಂಬ ದೂತನು ‘ಸಾಕು, ಕುಳಿತುಕೋ’ ಎನ್ನುತ್ತಾನೆ. ಗಾಬಾ ಮಿದುಳಿನಲ್ಲಿ ಇರುವುದು ಬೆಳಕಿಗೆ ಬಂದುದು 1950ರಲ್ಲಿ. ಈ ಇಬ್ಬರ ಮಾತುಗಳ ಸಮತೂಕದಿಂದಲೇ ನಾವು ಎಚ್ಚರವಾಗಿಯೂ ಇದ್ದೇವೆ, ಸಮಾಧಾನವಾಗಿಯೂ ಇದ್ದೇವೆ.

ಡಯಜೆಪಾಂ, ಆಲ್ಪ್ರಜೋಲಂ, ಕ್ಲೋರಲ್ ಹೈಡ್ರೇಟ್, ಮದ್ಯ ಇವೆಲ್ಲ ತಟ್ಟುವ ಬಾಗಿಲು ಈ ಗಾಬಾದ ಗ್ರಾಹಕವೇ. ಅವು ಗಾಬಾದ ದನಿಯನ್ನು ಹೆಚ್ಚಿಸುತ್ತವೆ. ಮದ್ಯವು ಅಷ್ಟಕ್ಕೇ ನಿಲ್ಲದೆ ಗ್ಲುಟಮೇಟಿನ ಬಾಯನ್ನೂ ಮುಚ್ಚುತ್ತದೆ. ಕಳವಳ ಅಡಗುವುದು, ನಾಲಗೆ ತೊದಲುವುದು, ಕಾಲು ತಪ್ಪುವುದು, ಕೊನೆಗೆ ನಿದ್ರೆ ಹತ್ತುವುದು, ಎಲ್ಲವೂ ಇದರ ಫಲ. ಎರಡು ಬಗೆಯ ವಸ್ತುಗಳನ್ನು ಒಟ್ಟಿಗೆ ಸೇವಿಸಿದರೆ ದನಿ ಎಷ್ಟು ಹೆಚ್ಚುವುದೆಂದರೆ ಉಸಿರಾಟವನ್ನು ನಡೆಸುವ ನರಕೋಶಗಳೂ ‘ಸಾಕು’ ಎಂದು ಕುಳಿತುಬಿಡಬಹುದು. ಪುಡಿ ಬೆರೆತ ಸೇಂದಿಯು ಪ್ರಾಣಕ್ಕೆ ಎರವಾಗುವ ಮುಖ್ಯ ದಾರಿಗಳಲ್ಲಿ ಇದೊಂದು.

ಆದರೆ ಮಿದುಳು ಸುಮ್ಮನೆ ಏಟು ತಿನ್ನುತ್ತ ಕೂರುವ ಯಂತ್ರವಲ್ಲ. ಬೇಗಂ ಬಜಾರಿನ ಕಿರಾಣಿ ಅಂಗಡಿಯಲ್ಲಿ ತಕ್ಕಡಿಯನ್ನು ನೋಡಿದ್ದೀರಷ್ಟೆ? ಒಂದು ತಟ್ಟೆಯಲ್ಲಿ ದಿನವೂ ಅಕ್ರಮವಾಗಿ ಭಾರ ಬೀಳುತ್ತಿದ್ದರೆ, ಸಮತೂಕಕ್ಕಾಗಿ ಇನ್ನೊಂದು ತಟ್ಟೆಯಲ್ಲಿಯೂ ಕಲ್ಲು ಹಾಕಬೇಕಾಗುತ್ತದೆ. ಮಿದುಳು ಮಾಡುವುದೂ ಅದನ್ನೇ. ಗಾಬಾದ ಗ್ರಾಹಕಗಳು ಮಂದವಾಗುತ್ತವೆ. ಗ್ಲುಟಮೇಟಿನ ಕಡೆ ಬಲ ಹೆಚ್ಚುತ್ತದೆ. ಆದುದರಿಂದಲೇ ಮೊದಲು ಒಂದು ಸೀಸೆಗೆ ಅಮಲೇರುತ್ತಿದ್ದವನಿಗೆ ಕ್ರಮೇಣ ಮೂರು ಸೀಸೆಯೂ ಸಾಲದಾಗುತ್ತದೆ. ಇಂಥ ಸ್ಥಿತಿಯಲ್ಲಿ ಮೊದಲನೆಯ ತಟ್ಟೆಯ ಭಾರವನ್ನು ಫಕ್ಕನೆ ಎತ್ತಿಬಿಟ್ಟರೆ ಏನಾದೀತು? ಇನ್ನೊಂದು ತಟ್ಟೆ ನೆಲಕ್ಕೆ ಬಡಿಯುತ್ತದೆ. ಗ್ಲುಟಮೇಟಿನ ಕೂಗನ್ನು ತಡೆಯುವವರಿಲ್ಲದೆ ಇಡೀ ಮಿದುಳು ಹುಯಿಲೆದ್ದಂತಾಗುತ್ತದೆ. ನಡುಕ, ಬೆವರು, ನಿದ್ರಾನಾಶ, ಸೆಳವು, ಭ್ರಾಂತಿ, ಇದೇ 2015ರ ಸೆಪ್ಟೆಂಬರಿನಲ್ಲಿ ನಿಜಾಮಾಬಾದು ಕಂಡ ವ್ಯಾಧಿ. ಇದನ್ನು ವರ್ಜನದ ವ್ಯಾಧಿ ಎನ್ನೋಣ.

2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಮದ್ಯದ ಅಂಗಡಿಗಳೂ ಮುಚ್ಚಿದುವು. ಕೆಲವೇ ದಿನಗಳಲ್ಲಿ ನಮ್ಮ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆಯ ಮುಂದೆ ಇದೇ ಲಕ್ಷಣಗಳುಳ್ಳ ರೋಗಿಗಳ ಸಾಲು ಕಾಣಿಸಿಕೊಂಡಿತು. ತೆಲಂಗಾಣದಲ್ಲಿ ಅಂಗಡಿಗಳು ಮತ್ತೆ ತೆರೆದುದು ಮೇ 6ರಂದು. ದಿನವೂ ಬಹಳವಾಗಿ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ‘ಇಂದಿನಿಂದ ಒಂದು ತೊಟ್ಟೂ ಇಲ್ಲ’ ಎಂದುಬಿಡುವುದು ಶೌರ್ಯವೆಂದು ಹಲವು ಮನೆಗಳಲ್ಲಿ ಭಾವಿಸಲಾಗುತ್ತದೆ. ಅದು ಶೌರ್ಯವಲ್ಲ, ಅಪಾಯ. ಇಂಥ ವರ್ಜನದಲ್ಲಿ ಸೆಳವು ಬಂದು ಜನರು ಸತ್ತದ್ದುಂಟು. ವೈದ್ಯರು ಮಾಡುವುದು ಬೇರೆ: ಅದೇ ಗಾಬಾದ ಬಾಗಿಲನ್ನು ತಟ್ಟುವ ಔಷಧಿಯನ್ನು ಅಳತೆಯಿಟ್ಟು ಕೊಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಬೀದಿಯಲ್ಲಿ ವಿಷವಾಗಿದ್ದ ಡಯಜೆಪಾಂ ಆಸ್ಪತ್ರೆಯಲ್ಲಿ ಊರುಗೋಲಾಗುವುದು ಹೀಗೆ.

ಮದ್ಯದ ವರ್ಜನದ ವ್ಯಾಧಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ನಿದ್ರಾಕಾರಕ ಪುಡಿಗಳದು ಇನ್ನಷ್ಟು ಕಾಲ ಹಿಡಿದೀತು. ಚಟವೆಂಬುದು ಇಷ್ಟೇ ಆಗಿದ್ದಿದ್ದರೆ ಆ ವಾರಗಳನ್ನು ದಾಟಿದವರೆಲ್ಲರೂ ಮುಕ್ತರಾಗಬೇಕಾಗಿತ್ತು. ಆದರೆ ನಡುಕ ನಿಂತು, ಊಟ ಸೇರಿ, ಮುಖದಲ್ಲಿ ಕಳೆ ಬಂದು, ಮನೆಯವರು ದೇವರಿಗೆ ಹರಕೆ ಒಪ್ಪಿಸಿ ಬಂದ ಮೇಲೆ, ಒಂದು ದಿನ ಸಂಜೆ ಆತ ಮತ್ತೆ ಅಂಗಡಿಯ ಮುಂದೆ ನಿಂತಿರುತ್ತಾನೆ. ದೇಹಕ್ಕೆ ಅದರ ಅಗತ್ಯವಿಲ್ಲ, ಹೋಗಬಾರದೆಂದು ಅವನಿಗೇ ಗೊತ್ತು, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದಾನೆ. ಆದರೂ ಹೋದನೇಕೆ? ನೆರೆಹೊರೆಯವರು ‘ಅವನಿಗೆ ಮನಸ್ಸೇ ಗಟ್ಟಿಯಿಲ್ಲ’ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆ ಮನಸ್ಸಿನ ಬುಡಕ್ಕೆ ಕೈಹಾಕಿ ನೋಡಿದವರು ಕಂಡುದೇನೆಂಬುದನ್ನು ಈಗ ಹೇಳಬೇಕು. ಇಲ್ಲಿ ಮೂರನೆಯ ದೂತನ ಪ್ರವೇಶವಾಗುತ್ತದೆ. ಅವನ ಹೆಸರು ಡೋಪಮೀನ್.

ಡೋಪಮೀನಿನ ಕಥೆಗೂ ನಮ್ಮ ದೇಶದ ಒಂದು ಗಿಡಮೂಲಿಕೆಗೂ ಸಂಬಂಧವಿದೆಯೆಂದರೆ ನೀವು ಅಚ್ಚರಿಪಡಬಹುದು. ಸರ್ಪಗಂಧಿಯ ಬೇರನ್ನು ಉನ್ಮಾದಕ್ಕೆ ಮದ್ದಾಗಿ ನಮ್ಮ ವೈದ್ಯರು ಬಹುಕಾಲದಿಂದ ಬಳಸುತ್ತಿದ್ದರು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿ ಅದರ ಗುಣವನ್ನು ಕುರಿತು ಲೇಖನ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನ ಶಾಸ್ತ್ರಜ್ಞರು ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಅವರು ಈ ರೆಸರ್ಪಿನ್ನನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋಲುಬಿಟ್ಟು, ಕಲ್ಲಿನಂತೆ ಕದಲದೆ ಕುಳಿತುಬಿಟ್ಟುವು. ಅನಂತರ ಡೋಪಮೀನಾಗಿ ಮಾರ್ಪಡಬಲ್ಲ ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದರು. ತುಸು ಹೊತ್ತಿನಲ್ಲಿ ಮೊಲಗಳು ಎದ್ದು ಓಡಾಡತೊಡಗಿದುವು. ಇದು 1957ರ ಮಾತು. ಅಲ್ಲಿಯವರೆಗೆ ಬೇರೊಂದು ವಸ್ತುವಿನ ತಯಾರಿಕೆಯಲ್ಲಿ ನಡುವೆ ಸಿಕ್ಕುವ ಹಂತವೆಂದು ಮಾತ್ರ ಎಣಿಸಲ್ಪಟ್ಟಿದ್ದ ಡೋಪಮೀನ್ ಸ್ವತಃ ಒಬ್ಬ ದೂತನೆಂಬುದು ಗೊತ್ತಾಯಿತು. ಕಾರ್ಲ್‌ಸನ್ ಅವರು 2000ದಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಸರ್ಪಗಂಧಿಗೆ ಬಹುಮಾನವೇನೂ ಸಿಗಲಿಲ್ಲ!

ಇದಕ್ಕೆ ಮೂರು ವರ್ಷ ಮೊದಲು, 1954ರಲ್ಲಿ, ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬಿಬ್ಬರು ಇಲಿಗಳ ಮಿದುಳಿನ ಒಳಭಾಗಕ್ಕೆ ಕೂದಲಿನಂತಹ ತಂತಿಯನ್ನು ಇಳಿಸಿ, ಒಂದು ಸನ್ನೆಯನ್ನು ಒತ್ತಿದರೆ ಅಲ್ಲಿ ಅಲ್ಪವಾದ ವಿದ್ಯುತ್ತು ಹರಿಯುವಂತೆ ಏರ್ಪಡಿಸಿದರು. ಇಲಿಗಳು ಆ ಸನ್ನೆಯನ್ನು ಗಂಟೆಗೆ ನೂರಾರು ಸಲ ಒತ್ತಿದುವು. ಮುಂದಿನ ಪ್ರಯೋಗಗಳಲ್ಲಿ ಸಾವಿರಾರು ಸಲ ಒತ್ತಿದ್ದೂ ಉಂಟು. ‘ಸುಖದ ಕೇಂದ್ರ’ ಸಿಕ್ಕಿತೆಂದು ಪತ್ರಿಕೆಗಳು ಬರೆದುವು. ಈ ಭಾಗಗಳಲ್ಲಿ ಡೋಪಮೀನಿನ ನರತಂತುಗಳ ಪಾತ್ರ ದೊಡ್ಡದೆಂದು ಮುಂದೆ ತಿಳಿದಾಗ, ಡೋಪಮೀನ್ ಎಂದರೆ ಸುಖ ಎಂಬ ಮಾತು ಎಲ್ಲೆಡೆ ಹಬ್ಬಿತು. ಇಂದಿಗೂ ಹಲವರು ಹಾಗೆಯೇ ಬರೆಯುತ್ತಾರೆ. ಅದು ಸರಿಯಲ್ಲ.

ಅದು ಏಕೆ ಸರಿಯಲ್ಲ ಎಂಬುದನ್ನು ವುಲ್ಫ್‌ರಾಂ ಶುಲ್ಟ್ಸ್ ಎಂಬ ವಿಜ್ಞಾನಿಯ ಕೋತಿಗಳು ತೋರಿಸಿಕೊಟ್ಟುವು. ಕೋತಿಯ ಬಾಯಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಬಿದ್ದರೆ ಅದರ ಡೋಪಮೀನ್ ನರಕೋಶಗಳು ಚುರುಕಾಗುತ್ತಿದ್ದುವು. ರಸಕ್ಕೆ ಮುಂಚೆ ಪ್ರತಿಸಲವೂ ಒಂದು ದೀಪವನ್ನು ಹೊತ್ತಿಸುತ್ತ ಬಂದರೆ, ಕೆಲವು ದಿನಗಳಲ್ಲಿ ಅವು ದೀಪಕ್ಕೇ ಚುರುಕಾದುವು. ರಸ ಬಂದಾಗ ಸುಮ್ಮನಿದ್ದುವು. ರಸ ಅದೇ, ರುಚಿ ಅದೇ. ಆದರೂ ದೂತನು ಮೌನ! ದೀಪ ಹೊತ್ತಿಸಿ ರಸವನ್ನು ಕೊಡದೆ ಹೋದರೆ, ರಸ ಬರಬೇಕಾಗಿದ್ದ ಸರಿಯಾದ ಕ್ಷಣದಲ್ಲಿ ಆ ನರಕೋಶಗಳ ಎಂದಿನ ಸಣ್ಣ ಮಿಡಿತವೂ ನಿಂತುಹೋಗುತ್ತಿತ್ತು. 1997ರಲ್ಲಿ ಶುಲ್ಟ್ಸ್ ಅವರೂ ಅವರ ಜೊತೆಗಾರರೂ ಇದರ ಅರ್ಥವನ್ನು ಹೀಗೆ ವಿವರಿಸಿದರು: ಡೋಪಮೀನ್ ಸುಖದ ಅಳತೆಯಲ್ಲ, ಎಣಿಸಿದುದಕ್ಕಿಂತ ದೊರೆತದ್ದು ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದರ ಅಳತೆ. ಅದೊಂದು ಬಗೆಯ ಉಪಾಧ್ಯಾಯ. ‘ಇದು ಎಣಿಸಿದ್ದಕ್ಕಿಂತ ಚೆನ್ನಾಯಿತು, ಇದಕ್ಕೆ ಮುಂಚೆ ಏನೇನಿತ್ತೋ ಎಲ್ಲವನ್ನೂ ನೆನಪಿಡು, ಮತ್ತೆ ಹಾಗೆಯೇ ಮಾಡು’ ಎಂದು ಅದು ಮಿದುಳಿಗೆ ಪಾಠ ಹೇಳುತ್ತದೆ. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ನಿಮ್ಮ ಕೈ ಬುತ್ತಿಯ ಡಬ್ಬಿಯ ಕಡೆಗೆ ಹೋಗುವುದೂ ಈ ಉಪಾಧ್ಯಾಯನು ಕಲಿಸಿದ ಪಾಠದಿಂದಲೇ.

ಸಹಜವಾದ ಸುಖಗಳ ವಿಷಯದಲ್ಲಿ ಈ ಪಾಠಕ್ಕೊಂದು ಮುಕ್ತಾಯವಿದೆ. ಹೋಳಿಗೆಯ ರುಚಿ ಮೊದಲ ದಿನ ಅಚ್ಚರಿ, ಹತ್ತನೆಯ ದಿನ ಮಾಮೂಲು, ಉಪಾಧ್ಯಾಯನು ಸುಮ್ಮನಾಗುತ್ತಾನೆ. ಅಮಲಿನ ವಸ್ತುಗಳಾದರೋ ಹೊರಗಿನಿಂದ ಬಂದು ಡೋಪಮೀನಿನ ತೊಟ್ಟಿಯನ್ನೇ ನೇರವಾಗಿ ತೆರೆಯುತ್ತವೆ. ಡೋಪಮೀನ್ ನರಕೋಶಗಳನ್ನು ಹದದಲ್ಲಿಡಲು ಅವುಗಳ ಪಕ್ಕದಲ್ಲಿ ಗಾಬಾವನ್ನು ಸುರಿಸುವ ಕಾವಲು ಕೋಶಗಳಿವೆ. ಡಯಜೆಪಾಂ ವರ್ಗದ ಔಷಧಿಗಳು ಈ ಕಾವಲುಗಾರರನ್ನೇ ನಿದ್ರೆಗೊಳಿಸುತ್ತವೆಂಬುದು 2010ರ ಸಂಶೋಧನೆಯಿಂದ ತಿಳಿದುಬಂದಿದೆ. ಮದ್ಯವೂ ಒಂದಕ್ಕಿಂತ ಹೆಚ್ಚು ದಾರಿಗಳಿಂದ ಅದೇ ಫಲವನ್ನು ತರುತ್ತದೆ. ಹೀಗೆ ಪ್ರತಿಸಲವೂ, ನೂರನೆಯ ಸಲವೂ, ಮಿದುಳಿಗೆ ಬರುವ ವರದಿ ಒಂದೇ: ‘ಎಣಿಸಿದ್ದಕ್ಕಿಂತ ಹೆಚ್ಚಾಯಿತು.’ ಇದು ಸುಳ್ಳು ವರದಿ. ಆದರೆ ಮಿದುಳಿಗೆ ಅದನ್ನು ಒರೆಹಚ್ಚಿ ನೋಡುವ ಬೇರೆ ಸಾಧನವಿಲ್ಲ. ಆದ್ದರಿಂದ ಅಂಗಡಿಯ ತಿರುವು, ಹುಳಿವಾಸನೆ, ಸೀಸೆಗಳ ಸದ್ದು, ಜೊತೆಗಾರನ ಮುಖ, ಸಂಬಳದ ದಿನ, ಸಂಜೆಯ ಹೊತ್ತು, ಎಲ್ಲವೂ ಶುಲ್ಟ್ಸ್ ಅವರ ದೀಪಗಳಾಗಿ ಹೊತ್ತಿಕೊಳ್ಳುತ್ತವೆ.

ಇದಕ್ಕೆ ಪೂರಕವಾದ ಇನ್ನೊಂದು ಸಂಗತಿಯನ್ನು ಅಮೆರಿಕದ ಬೆರಿಜ್ ಮತ್ತು ರಾಬಿನ್‌ಸನ್ ಎಂಬುವರು ಕಂಡುಕೊಂಡರು. ಡೋಪಮೀನನ್ನು ಬಹುತೇಕ ನಾಶಮಾಡಿದ ಇಲಿಗಳು ಎದುರಿಗಿದ್ದ ಆಹಾರವನ್ನೂ ಹುಡುಕಿ ತಿನ್ನಲಿಲ್ಲ. ಆದರೆ ಬಾಯಿಗೇ ಸಕ್ಕರೆನೀರನ್ನು ಬಿಟ್ಟರೆ ಎಂದಿನಂತೆ ಸವಿದು ತುಟಿ ನೆಕ್ಕಿದುವು. ಎಂದರೆ, ಬೇಕೆನಿಸುವುದೂ ಹಿತವೆನಿಸುವುದೂ ಮಿದುಳಿನಲ್ಲಿ ಬೇರೆಬೇರೆ ಕೆಲಸಗಳು. 1993ರಲ್ಲಿ ಅವರು ಮಂಡಿಸಿದ ವಾದದ ಪ್ರಕಾರ ಚಟವು ಬೆಳೆದಂತೆಲ್ಲ ‘ಬೇಕು’ ಎಂಬುದು ಹೆಚ್ಚುತ್ತ ಹೋಗುತ್ತದೆ, ‘ಹಿತ’ ಎಂಬುದು ಹೆಚ್ಚುವುದಿಲ್ಲ, ಕಡಿಮೆಯೂ ಆಗಬಹುದು. ‘ಕುಡಿದರೆ ಸುಖವೇನೂ ಇಲ್ಲ, ಆದರೂ ಬಿಡಲಾರೆ’ ಎಂದು ಹಳೆಯ ಕುಡುಕರು ಹೇಳುವುದನ್ನು ನಾವು ನೆಪವೆಂದು ನಗುತ್ತೇವೆ. ಅದು ನೆಪವಲ್ಲ, ಪ್ರಯೋಗಶಾಲೆಯಲ್ಲಿ ಸಿದ್ಧವಾದ ಮಾತು ಎಂಬುದು ಈ ಲೇಖಕನ ಅಭಿಪ್ರಾಯ.

ಹೊರಗಿನ ಗುರುತುಗಳಿಗೆ ಎಷ್ಟು ಬಲವಿದೆ ಎಂಬುದನ್ನು ಒಂದು ಯುದ್ಧವೇ ತೋರಿಸಿಕೊಟ್ಟಿತು. ವಿಯೆಟ್ನಾಂ ದೇಶದಲ್ಲಿ ಹೋರಾಡುತ್ತಿದ್ದ ಅಮೆರಿಕದ ಸೈನಿಕರಲ್ಲಿ ಬಹುಮಂದಿ ಹೆರಾಯಿನ್ ಚಟಕ್ಕೆ ಬಿದ್ದಿದ್ದರು. 1971ರಲ್ಲಿ ಅವರು ಊರಿಗೆ ಮರಳತೊಡಗಿದಾಗ ಸರ್ಕಾರವು ಗಾಬರಿಗೊಂಡಿತು. ಲೀ ರಾಬಿನ್ಸ್ ಎಂಬ ವಿದುಷಿಯು ಅವರ ಬೆನ್ನುಹಿಡಿದು ವಿಚಾರಿಸಿದಾಗ, ಅಲ್ಲಿ ಚಟಕ್ಕೆ ಬಿದ್ದಿದ್ದವರಲ್ಲಿ ಮರಳಿದ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಒಳಗಾದವರು ನೂರಕ್ಕೆ ಐವರಷ್ಟು ಮಾತ್ರವೆಂದು ತಿಳಿದುಬಂತು. ಕಾಡು, ಭಯ, ಜೊತೆಗಾರರು ಎಲ್ಲವೂ ಸಮುದ್ರದಾಚೆ ಉಳಿದಿದ್ದುವು. ಇದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ದೀಪಗಳಿಲ್ಲದ ಊರಿಗೆ ಹೋದುದು ಒಂದು ಮುಖ್ಯ ಕಾರಣವೆಂಬುದನ್ನು ಅಲ್ಲಗಳೆಯುವಂತಿಲ್ಲ. ನಮ್ಮವನ ಗತಿಯೋ? ಆಸ್ಪತ್ರೆಯಿಂದ ಹೊರಟವನು ಅದೇ ಗಲ್ಲಿಗೆ, ಅದೇ ಮೇಸ್ತ್ರಿಯ ಕೈಕೆಳಗಿನ ಅದೇ ಕೆಲಸಕ್ಕೆ, ಅದೇ ಸಂಜೆಗೆ ಮರಳುತ್ತಾನೆ. ಯಾದಗಿರಿಯಿಂದಲೋ ಕಲಬುರಗಿಯಿಂದಲೋ ಗಾರೆ ಕೆಲಸಕ್ಕಾಗಿ ಬಂದವನಿಗೆ ಬೇರೆ ಗಲ್ಲಿಯನ್ನು ಆರಿಸಿಕೊಳ್ಳುವ ಅನುಕೂಲವಾದರೂ ಎಲ್ಲಿದೆ?

ಕಾಲ ಕಳೆದಂತೆ ಹಂಬಲ ತಾನಾಗಿಯೇ ಮಾಸುವುದೆಂದು ನಾವು ನಂಬುತ್ತೇವೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಈ ನಂಬಿಕೆಯನ್ನು ಅಲುಗಿಸಿತು. ಕೊಕೇನ್ ಅಭ್ಯಾಸವಾದ ಇಲಿಗಳನ್ನು ಅದರಿಂದ ದೂರವಿಟ್ಟು, ಬೇರೆಬೇರೆ ದಿನಗಳ ಅನಂತರ ಹಳೆಯ ಗುರುತನ್ನು ಮಾತ್ರ ತೋರಿಸಿದರು. ಮೊದಲ ದಿನಗಳಿಗಿಂತ ಒಂದೆರಡು ತಿಂಗಳು ಕಳೆದ ಮೇಲೆ ಅವು ಹೆಚ್ಚು ಆತುರದಿಂದ ಸನ್ನೆಯನ್ನು ಒತ್ತಿದುವು. ಹಂಬಲವು ಕಾವು ಕೂತ ಮೊಟ್ಟೆಯಂತೆ ಒಳಗೊಳಗೇ ಬೆಳೆದಿತ್ತು. ಮುಮ್ಮಿದುಳಿನಿಂದ ಡೋಪಮೀನಿನ ತಾಣಕ್ಕೆ ಬರುವ ಗ್ಲುಟಮೇಟ್ ತಂತುಗಳ ಸಂಧಿಗಳು ಈ ಅವಧಿಯಲ್ಲಿ ಮಾರ್ಪಾಟಾಗಿ, ಹಳೆಯ ಗುರುತಿಗೆ ಇನ್ನಷ್ಟು ಬೇಗನೆ ಓಗೊಡುವುವೆಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಮನೆಯವರು ‘ಇನ್ನೇನೂ ಭಯವಿಲ್ಲ’ ಎಂದು ಕಣ್ಣು ಬೇರೆಡೆಗೆ ತಿರುಗಿಸುವುದು ಹೆಚ್ಚಾಗಿ ಈ ಎರಡು ಮೂರು ತಿಂಗಳ ಹೊತ್ತಿಗೇ ಎಂಬುದನ್ನು ಗಮನಿಸಿರಿ. ಇನ್ನೊಂದು ಅಪಾಯವೂ ಇದೆ. ಅಷ್ಟರಲ್ಲಿ ತಕ್ಕಡಿಯ ಎರಡನೆಯ ತಟ್ಟೆಯ ಕಲ್ಲುಗಳು ಕರಗಿರುತ್ತವೆ. ಹಳೆಯ ಅಳತೆಯಲ್ಲಿಯೇ ಕುಡಿದರೆ ದೇಹ ತಾಳಲಾರದು.

ಗುರುತುಗಳು ಒಂದು ದಾರಿ. ಒಂದೇ ಒಂದು ಗುಟುಕಿನ ರುಚಿ ಇನ್ನೊಂದು, ಅದು ಸರ್ವವಿದಿತ. ಮೂರನೆಯದು ಮನಸ್ಸಿನ ಬೇಗೆ. ಸಂಕಟದ ಸಮಯದಲ್ಲಿ ಮಿದುಳು ಸುರಿಸುವ ಒಂದು ದೂತವನ್ನು 1981ರಲ್ಲಿ ವೈಲಿ ವೇಲ್ ಮತ್ತು ಅವರ ಸಂಗಡಿಗರು ಗುರುತಿಸಿದರು. ಚಟ ಹಿಡಿದ ಮಿದುಳಿನಲ್ಲಿ, ವಿಶೇಷವಾಗಿ ವರ್ಜನದ ಕಾಲದಲ್ಲಿ, ಇದರ ಉಪಟಳ ಹೆಚ್ಚು. ಚಟವನ್ನು ಮರೆತಂತಿದ್ದ ಇಲಿಯ ಕಾಲಿಗೆ ಅಲ್ಪವಾದ ವಿದ್ಯುದಾಘಾತ ಕೊಟ್ಟರೆ ಸಾಕು, ಅದು ಮತ್ತೆ ಸನ್ನೆಯ ಕಡೆಗೆ ಓಡುತ್ತದೆ. ಆ ದೂತನ ಗ್ರಾಹಕವನ್ನು ಔಷಧಿಯಿಂದ ಮುಚ್ಚಿದರೆ ಓಟ ತಗ್ಗುತ್ತದೆ. ಮನುಷ್ಯನಿಗೆ ವಿದ್ಯುತ್ತೇ ಆಗಬೇಕಾಗಿಲ್ಲ. ಬಾಕಿ ಬಿದ್ದ ಕೂಲಿ, ಸಾಲಗಾರನ ಬಾಗಿಲು ಬಡಿತ, ಪಂಕ್ತಿಯಲ್ಲಿ ಕುಳಿತಾಗ ನೆಂಟರೊಬ್ಬರು ಎಲ್ಲರೆದುರಿಗೆ ಎಸೆದ ಕುಹಕದ ಮಾತು, ಇವೇ ಆಘಾತಗಳು. ಕುಡಿಯುವುದನ್ನು ಬಿಟ್ಟವನನ್ನು ಹಂಗಿಸಿ ಬಿಡಿಸಿಟ್ಟುಕೊಳ್ಳಬಹುದೆಂಬ ನಮ್ಮ ಹಳೆಯ ಉಪಾಯವು ಅವನನ್ನು ಅಂಗಡಿಯ ಕಡೆಗೇ ದೂಡುತ್ತದೆ.

ಹಾಗಾದರೆ ಎಲ್ಲವೂ ದೂತರ ಕೈವಾಡ, ಮನುಷ್ಯನಿಗೆ ಹೊಣೆಯೇ ಇಲ್ಲವೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಹಾಗೆ ವಾದಿಸುವವರೂ ಇದ್ದಾರೆ. ನನಗೆ ಅದು ಸಮ್ಮತವಿಲ್ಲ. ಹಣೆಯ ಹಿಂದಿನ ಮುಮ್ಮಿದುಳು ಮುಂದಿನದನ್ನು ಎಣಿಸಿ, ಹಂಬಲಕ್ಕೆ ಕಡಿವಾಣ ಹಾಕುವ ಸ್ಥಾನ. ಚಟವು ಅದನ್ನು ದುರ್ಬಲಗೊಳಿಸುವುದು ನಿಜ, ಅಳಿಸಿಬಿಡುವುದಿಲ್ಲ. ತಿಂಗಳುಗಟ್ಟಲೆ ವಸ್ತುವಿನಿಂದ ದೂರವಿದ್ದವರ ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದಾಗ ಡೋಪಮೀನಿನ ವ್ಯವಸ್ಥೆ ಸ್ವಲ್ಪಮಟ್ಟಿಗೆ ಚೇತರಿಸಿಕೊಂಡದ್ದು ಕಂಡುಬಂದಿದೆ. ಅಂದಹಾಗೆ, ಈ ಮುಮ್ಮಿದುಳು ಪೂರ್ಣವಾಗಿ ಬಲಿಯುವುದು ಸುಮಾರು ಇಪ್ಪತ್ತೈದನೆಯ ವಯಸ್ಸಿಗೆ. ಈ ಸಂಚಿಕೆಯ ಓದುಗರಲ್ಲಿ ಬಹುಪಾಲು ಜನಕ್ಕೆ ಅದು ಇನ್ನೂ ಕಟ್ಟುತ್ತಿರುವ ಮನೆ. ಕಡಿವಾಣ ಸಿದ್ಧವಾಗುವುದಕ್ಕೆ ಮುಂಚೆಯೇ ಕುದುರೆಗೆ ಓಟ ಕಲಿಸುವುದು ಹೆಚ್ಚು ಅಪಾಯಕರ.

ಔಷಧಿಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಡೈಸಲ್ಫಿರಾಂ ಎಂಬುದನ್ನು ತೆಗೆದುಕೊಂಡವನು ಮದ್ಯವನ್ನು ಮುಟ್ಟಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಜಂತುಹುಳುವಿಗೆ ಮದ್ದು ಹುಡುಕುತ್ತಿದ್ದ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಅದನ್ನು ತಾವೇ ನುಂಗಿ ನೋಡಿ ಈ ಗುಣವನ್ನು ಆಕಸ್ಮಿಕವಾಗಿ ಕಂಡುಕೊಂಡು 1948ರಲ್ಲಿ ಪ್ರಕಟಿಸಿದರು. ಇದು ಹೆದರಿಕೆಯಿಂದ ತಡೆಯುವ ಔಷಧಿ. ವೈದ್ಯರ ಮೇಲ್ವಿಚಾರಣೆಯಿಲ್ಲದೆ, ಅದರಲ್ಲಿಯೂ ಕುಡಿಯುವವನಿಗೆ ತಿಳಿಯದಂತೆ ಅನ್ನದಲ್ಲಿ ಬೆರೆಸಿ, ಎಂದಿಗೂ ಕೊಡಕೂಡದು. ನಾಲ್ಟ್ರೆಕ್ಸೋನ್ ಎಂಬುದು ಮದ್ಯವು ಡೋಪಮೀನಿನ ತೊಟ್ಟಿಗೆ ತಲಪುವ ದಾರಿಗಳಲ್ಲಿ ಒಂದನ್ನು ಮುಚ್ಚುತ್ತದೆ; ಮದ್ಯದ ಚಟಕ್ಕೆ ಅದನ್ನು ಅಮೆರಿಕದಲ್ಲಿ 1994ರಲ್ಲಿ ಅಂಗೀಕರಿಸಿದರು. ಪುಡಿಯ ಚಟಕ್ಕೆ ಮಾತ್ರ ಇಂತಹ ಔಷಧಿಯಿಲ್ಲ. ನಿಧಾನವಾಗಿ ಇಳಿಸುವುದೊಂದೇ ದಾರಿ. ಇಂಥ ಚಿಕಿತ್ಸೆಗೆ ಇಲ್ಲಿ ಎರ್ರಗಡ್ಡದ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಯಾರನ್ನು ಕೇಳಬೇಕೆಂದು ತಿಳಿಯದವರು 14446 ಎಂಬ ಸಂಖ್ಯೆಗೆ ಹಣ ಕೊಡದೆ ದೂರವಾಣಿ ಮಾಡಬಹುದು. ಮಾಡುವವರು ಕುಡಿಯುವವರೇ ಆಗಿರಬೇಕೆಂಬ ನಿಯಮವಿಲ್ಲ, ಅವರ ಮಕ್ಕಳೂ ಆಗಿರಬಹುದು.

ನಡುಕ ನಿಂತ ಮೇಲೆ ಚಿಕಿತ್ಸಕರು ರೋಗಿಯನ್ನು ಕೇಳುವ ಪ್ರಶ್ನೆಗಳು ಮೊದಲ ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಕೆಲಸ ಬಿಟ್ಟು ಯಾವ ದಾರಿಯಿಂದ ಮನೆಗೆ ಹೋಗುತ್ತೀರಿ? ಸಂಬಳ ಯಾವ ವಾರ? ಅದನ್ನು ಯಾರ ಕೈಗೆ ಕೊಡುತ್ತೀರಿ? ಸಂಜೆ ಆರರಿಂದ ಎಂಟರವರೆಗೆ ಏನು ಮಾಡುತ್ತೀರಿ? ಅವರು ಎಣಿಸುತ್ತಿರುವುದು ಶುಲ್ಟ್ಸ್ ಅವರ ದೀಪಗಳನ್ನು. ಹಳೆಯ ಪಾಠವನ್ನು ಮಿದುಳಿನಿಂದ ಒರೆಸಿಹಾಕುವ ಮದ್ದು ಇದುವರೆಗೆ ದೊರೆತಿಲ್ಲ. ರಷ್ಯಾದ ಪಾವ್‌ಲೋವ್ ಅವರ ನಾಯಿಗಳೂ ಇದನ್ನೇ ತೋರಿಸಿದ್ದುವು: ಗುರುತನ್ನು ಮಾತ್ರ ತೋರಿಸಿ ಆಹಾರ ಕೊಡದೆ ಹೋದರೆ ಜೊಲ್ಲು ಸುರಿಯುವುದು ನಿಲ್ಲುತ್ತದೆ, ಆದರೆ ಕೆಲವು ಕಾಲ ಬಿಟ್ಟು ಅದೇ ಗುರುತನ್ನು ತೋರಿಸಿದರೆ ಮತ್ತೆ ಸುರಿಯುತ್ತದೆ. ಹಳೆಯ ಪಾಠ ಅಳಿಯದು, ಅದರ ಮೇಲೆ ಹೊಸದೊಂದು ಪಾಠವನ್ನು ಬರೆಯಬೇಕು. ಆ ಹೊಸ ದಾರಿಯಲ್ಲಿ ಸಂಜೆಯ ಹೊತ್ತು ಒಬ್ಬನೇ ನಡೆದುಹೋಗುವುದಕ್ಕಿಂತ ಜೊತೆಗೊಬ್ಬರು ಇದ್ದರೆ ಅನುಕೂಲವೆಂದು ಚಿಕಿತ್ಸಕರು ಹೇಳುತ್ತಾರೆ. ಮೊದಲ ಮೂರು ತಿಂಗಳಾದರೂ.